ತೆಂಗಿನಕಾಯಿಗೆ ಇಪ್ಪತ್ತೆಂಟು ಇಂಚಿನ ನಳಿಗೆ

ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾಯಿ ಓಡುವುದಿಲ್ಲ. ತಿರುಗಿ ಹೊಡೆಯುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅದನ್ನು ಒಡೆಯಲು ಹಿತ್ತಲ ಕಲ್ಲೊಂದು ಸಾಕಾಗುತ್ತಿತ್ತು.

ಆದರೆ ನಾನು ಮದುವೆಯಾದದ್ದು ವಿರಾಜಪೇಟೆಯ ಕೊಡವರ ಹುಡುಗಿ ಪೂವಮ್ಮನನ್ನು. ನಮ್ಮ ಮನೆಯಲ್ಲಿ ಆಯುಧವೆಂದರೆ ಈಳಿಗೆಮಣೆ. ಅವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಮೊದಲು ಕೋವಿ ಹಾರಿಸಿ, ಆಮೇಲೆ ತೂಕ ನೋಡುತ್ತಾರೆ. ನಮ್ಮ ಮದುವೆಯ ಮಾತುಕತೆಯ ದಿನ ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೀರ್ಪು ಕೊಟ್ಟಿದ್ದರು.

"ಹುಡುಗ ಒಳ್ಳೆಯವನು. ಕೋವಿ ಹಿಡಿಯೋಕೆ ಬರೋದಿಲ್ಲ, ಅಷ್ಟೆ."

ಆ 'ಅಷ್ಟೆ' ನನ್ನ ಜೊತೆಗೇ ವಿಮಾನ ಹತ್ತಿ ಅಮೆರಿಕಕ್ಕೆ, ಕೆರೊಲಿನಾದ ಮಾರಿಸ್‌ವಿಲ್‌ಗೆ ಬಂತು. ಗ್ರೀನ್ ಕಾರ್ಡ್ ಸಿಕ್ಕಿತು, ಟೌನ್‌ಹೌಸ್ ಕೊಂಡೆವು, ಅದು ಮಾತ್ರ ಗಂಟಲಲ್ಲೇ ಉಳಿಯಿತು.

ಕೋವಿಡ್‌ನಿಂದ ನಿಂತಿದ್ದ ಇಲ್ಲಿಯ ಕೊಡವರ ಕೂಟ ಮತ್ತೆ ಶುರುವಾದ ವರ್ಷ, ಮಾವ ಸೆಪ್ಟೆಂಬರ್‌ನ ಕೈಲ್ ಮುಹೂರ್ತಕ್ಕೆ ಬರುವುದೆಂದು ತೀರ್ಮಾನವಾಯಿತು. ಅದು ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಊರಿನಲ್ಲಿ ಮಾವನ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಆದರೆ ವಿಸಿಟರ್ ವೀಸಾದಲ್ಲಿ ಬಂದವರು ಇಲ್ಲಿ ಬಂದೂಕು ಮುಟ್ಟುವ ಹಾಗಿಲ್ಲ ಎಂದು ಯಾರೋ ಅವರಿಗೆ ಮೊದಲೇ ತಿಳಿಸಿದ್ದರು. ಅವರು ನನಗೆ ಫೋನ್ ಮಾಡಿದರು.

"ಗಿರೀಶ, ಅಲ್ಲಿ ಕಾನೂನು ಕಾನೂನೇ. ಈ ಸಲ ಮನೆ ಪರವಾಗಿ ನೀನು ಹೊಡೀಬೇಕು."

"ಆಗ್ಲಿ ಮಾವ" ಎಂದೆ. ಒಂದು ಮನೆತನದ ಮರ್ಯಾದೆಯನ್ನು ಅಷ್ಟು ಸಲೀಸಾಗಿ ಯಾರೂ ವಹಿಸಿಕೊಂಡಿರಲಾರರು.

ಪೂವಮ್ಮ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. "ಯಾರದ್ದಾದ್ರೂ ಟ್ವೆಂಟಿ-ಟು ಬಾರೋ ಮಾಡು. ಚಿಕ್ಕ ರೈಫಲ್ ಸಾಕು. ಐವತ್ತು ಗಜ ಅಷ್ಟೇ ಅಲ್ವಾ?"

ಎರವಲು ಕೋವಿಯಲ್ಲಿ ಮಾವನ 'ಅಷ್ಟೆ' ಅಳಿಸುವುದೇ? ನನ್ನ ಮೈಯಲ್ಲಿ ಹರಿಯುವುದು ಸಾಫ್ಟ್‌ವೇರ್ ಇಂಜಿನಿಯರನ ರಕ್ತ. ಸುಲಭದ ಪರಿಹಾರ ಕಣ್ಣೆದುರಿಗಿದ್ದರೆ ನಮಗೆ ಅವಮಾನವಾಗುತ್ತದೆ. ಹೇಳಿ ಮಾಡಿಸಿದ ರೈಫಲ್ಲೇ ಆಗಬೇಕು ಎಂದು ನಿಶ್ಚಯಿಸಿ, ಡರ್ಹಮ್ ಆಚೆಗಿನ, ಕೋವಿ ಮಾಡಿಕೊಡುವ ಒಬ್ಬ ಗನ್‌ಸ್ಮಿತ್ ಹತ್ತಿರ ಹೋದೆ.

ಅವನ ಮೊದಲ ಪ್ರಶ್ನೆಯೇ ನನ್ನನ್ನು ಕೆಡವಿತು. ಏನನ್ನು ಹೊಡೆಯುತ್ತೀರಿ ಎಂದು ಕೇಳಿದ. ಗೋಡೆಯ ತುಂಬ ಜಿಂಕೆಯ ಕೊಂಬುಗಳು. ಅವುಗಳೆದುರು ನಿಂತು 'ತೆಂಗಿನಕಾಯಿ' ಎನ್ನಲು ನಾಲಿಗೆ ಏಳಲಿಲ್ಲ.

"ಲಾಂಗ್ ರೇಂಜ್" ಎಂದೆ.

ಎಷ್ಟು ಲಾಂಗ್ ಎಂದ. ತುಂಬಾ ಲಾಂಗ್ ಎಂದೆ.

ಹಾಗಾದರೆ ಇಪ್ಪತ್ತಾರು ಇಂಚಿನ ಬ್ಯಾರಲ್, ಅಂದರೆ ನಳಿಗೆ, ಧಾರಾಳವಾಯಿತು ಎಂದ ಅವನು. ಮನೆಗೆ ಬಂದು ಇಂಟರ್ನೆಟ್‌ನಲ್ಲಿ ಬಲ್ಲವರ ಜಗಳಗಳನ್ನೆಲ್ಲ ಓದಿದೆ. ಬ್ಯಾರಲ್ ಉದ್ದವಾದಷ್ಟೂ ಗುಂಡಿಗೆ ವೇಗ ಹೆಚ್ಚು ಎಂದು ಒಂದು ಪಂಗಡ. ಗಿಡ್ಡ ಬ್ಯಾರಲ್ಲೇ ಗಟ್ಟಿ, ಅದೇ ಸರಿ ಎಂದು ಇನ್ನೊಂದು ಪಂಗಡ. ಊಟ ಬಡಿಸುವಾಗ ಪೂವಮ್ಮನ ಅಭಿಪ್ರಾಯವನ್ನೂ ಕೇಳಿದೆ.

"ಇಪ್ಪತ್ತಾರೋ ಇಪ್ಪತ್ತೆಂಟೋ?"

"ಕಾರಿನಲ್ಲಿ ಹಿಡಿಯೋದು" ಎಂದಳು.

ಇದನ್ನು ತಾಂತ್ರಿಕ ಉತ್ತರವೆಂದು ಪರಿಗಣಿಸಲಾಗಲಿಲ್ಲ. ಎರಡು ಇಂಚು ಹೆಚ್ಚಿಗೆ ಇದ್ದರೆ ನಷ್ಟವೇನು? ಇಪ್ಪತ್ತೆಂಟೇ ಇರಲಿ ಎಂದು ಆರ್ಡರ್ ಕೊಟ್ಟೆ. ರೈಫಲ್ ಬಂದ ದಿನ ಅದು ಕಾರಿನ ಡಿಕ್ಕಿಯಲ್ಲಿ ಹಿಡಿಯಲಿಲ್ಲ. ಹಿಂದಿನ ಸೀಟು ಮಡಿಸಿ, ಅಲ್ಲಿದ್ದ ಸಾಮಾನನ್ನೆಲ್ಲ ಮುಂದಿನ ಸೀಟಿಗೆ ತುಂಬಿ ಮನೆಗೆ ತಂದೆ.

ಇನ್ನು ತೋಟಾ. ಅಂಗಡಿಯ ತೋಟಾ ಹೇಳಿ ಮಾಡಿಸಿದ ಕೋವಿಗೆ ಅವಮಾನ ಎಂದು ಬಲ್ಲವರು ಬರೆದಿದ್ದರು. ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗಳನ್ನು ತೊಳೆದು, ಹೊಸದಾಗಿ ಮದ್ದು ತೂಗಿ ತುಂಬಿ, ಗುಂಡು ಕೂರಿಸಿ ನಾವೇ ಮಾಡಿಕೊಳ್ಳಬೇಕು. ಗರಾಜಿನಲ್ಲಿ ಗುಂಡು ಒತ್ತಿ ಕೂರಿಸುವ ಪ್ರೆಸ್ ಹೂಡಿದೆ. ನೋಡಲು ಅದು ಚಕ್ಕುಲಿ ಒರಳಿನ ಅಣ್ಣನಂತಿತ್ತು. ಪುಸ್ತಕದಲ್ಲಿ ಹೇಳಿದ ಮದ್ದಿನ ಮಿತಿಯನ್ನು ನಾನು ಒಮ್ಮೆಯೂ ಮೀರಲಿಲ್ಲ. ಅದಕ್ಕೆ ಕಾರಣ ಶಿಸ್ತಲ್ಲ, ಹೆದರಿಕೆ. ಮಿತಿಯ ಒಳಗೇ ಒಂದು ಚಿಟಿಕೆ ಹೆಚ್ಚು, ಒಂದು ಚಿಟಿಕೆ ಕಡಿಮೆ ಮಾಡಿ, ಪ್ರತಿ ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಕಾಗದಕ್ಕೆ ಹೊಡೆದು ನೋಡುತ್ತಿದ್ದೆ. ನಮ್ಮಮ್ಮ ಮೈಸೂರುಪಾಕಿಗೆ ಪಾಕದ ಹದ ನೋಡುತ್ತಿದ್ದ ರೀತಿಯೇ ಇದೂ. ಒಂದು ಶನಿವಾರ ಹದ ಸಿಕ್ಕಿಯೇ ಬಿಟ್ಟಿತು. ಗುಂಡುಗಳೆಲ್ಲ ಒಂದೇ ತೂತಿನ ಸುತ್ತ ಕೂತವು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಹಿತ್ತಾಳೆ ತೊಳೆಯುವ ಯಂತ್ರವೊಂದು ಸಿಗುತ್ತದಂತೆ. ಹುಣಸೆಹಣ್ಣು ಇರುವ ಮನೆಯಲ್ಲಿ ಅದೇಕೆ? ದೇವರ ದೀಪ ತಿಕ್ಕಿದ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಥಳಥಳ ಹೊಳೆದವು. ಒಣಗಲು ಅವನ್ನು ಸಾಲಾಗಿ ನಿಲ್ಲಿಸುವುದಕ್ಕೆ ಸರಿಯಾದದ್ದೊಂದು ಅಡುಗೆಮನೆಯಲ್ಲೇ ಸಿಕ್ಕಿತು.

"ಗಿರಿ, ಇದು ನನ್ನ ಇಡ್ಲಿ ಸ್ಟ್ಯಾಂಡ್ ಅಲ್ವಾ?"

"ಟೆಂಪರರಿ."

"ಇನ್ನು ಪರ್ಮನೆಂಟು. ಅದನ್ನ ಗರಾಜಿಗೆ ತಗೊಂಡ್ ಹೋಗು, ನನಗೆ ಹೊಸದು ತಂದ್ಕೊಡು."

ಹಬ್ಬಕ್ಕೆ ಮುಂಚೆ ಮಾವ ಬಂದರು. ರೈಫಲ್ ತೋರಿಸಿದೆ. ಮುಟ್ಟಬಾರದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಉದ್ದ ಇದೆ."

"ಇಪ್ಪತ್ತೆಂಟು ಇಂಚು ಮಾವ."

"ಹ್ಞೂಂ." ನಂತರ ಬಗ್ಗಿ ತೋಟಾ ಪೆಟ್ಟಿಗೆಯನ್ನು ಮೂಸಿದರು. "ಪೂವಿ, ಇವತ್ತು ಪುಳಿಯೋಗರೆ ಮಾಡಿದ್ದೀಯಾ?"

ಹಬ್ಬದ ಬೆಳಿಗ್ಗೆ ಮನೆಯಲ್ಲೇ ಪೂಜೆ. ಊರಿನಲ್ಲಿ ಅಂದು ಕೋವಿಯ ಬಾಯಿಗೆ ತೋಕ್ ಪೂ ಎನ್ನುವ ಕೆಂಪು ಹೂವು ಇಡುತ್ತಾರೆ. ಹೂವಿಲ್ಲದ ಕೋವಿ ಪೂಜೆಯಾದ ಕೋವಿಯಲ್ಲ ಎಂದು ಮಾವ ಹಿಂದೊಮ್ಮೆ ಹೇಳಿದ್ದು ನನಗೆ ನೆನಪಿತ್ತು. ಮಾರಿಸ್‌ವಿಲ್‌ನಲ್ಲಿ ತೋಕ್ ಪೂ ಎಲ್ಲಿಂದ ತರಲಿ? ಇಂಡಿಯನ್ ಸ್ಟೋರಿನಲ್ಲಿ ಚೆಂಡುಹೂವು ಸಿಕ್ಕಿತು. ಮಾವ ಸ್ನಾನಕ್ಕೆ ಹೋಗಿದ್ದರು, ಪೂವಮ್ಮ ಅಕ್ಕಿ ತರಿಯ ಕಡಂಬುಟ್ಟು ಬೇಯಿಸುತ್ತಿದ್ದಳು. ನಾನು ಒಬ್ಬನೇ ರೈಫಲ್ಲಿಗೆ ಗಂಧ, ಕುಂಕುಮ ಇಟ್ಟು ಬ್ಯಾರಲ್ಲಿನ ಬಾಯಿಗೆ ಹೂವು ಸಿಕ್ಕಿಸಿದೆ. ಹೂವು ವಾಲಾಡಿತು. ದಾರಿಯಲ್ಲಿ ಬಿದ್ದುಹೋದರೆ ಅಪಶಕುನ ಎಂದು ದಂಟನ್ನು ಚೆನ್ನಾಗಿ ಒತ್ತಿ, ತಿರುವಿ, ಬಿಗಿ ಮಾಡಿದೆ. ಸ್ಕ್ರೂ ಡ್ರೈವರ್ ತಿರುಗಿಸಿದ ಅನುಭವ ಅಲ್ಲಿ ಕೆಲಸಕ್ಕೆ ಬಂತು!

ರೇಂಜು ಒಂದು ಗಂಟೆಯ ದಾರಿ. ಅಲ್ಲಿ ಪೆಟ್ಟಿಗೆ ತೆರೆದಾಗ ಹೂವು ಒಂದು ಮೂಲೆಯಲ್ಲಿ ಬಿದ್ದಿತ್ತು. ದಂಟು ಮಾತ್ರ ಅದರ ಜೊತೆಗಿರಲಿಲ್ಲ.

ಕಿತ್ತಳೆ ಬಣ್ಣದ ಅಂಗಿ ತೊಟ್ಟ ರೇಂಜ್ ಆಫೀಸರ್ ಹೆಂಗಸು ಎಲ್ಲರ ಬಂದೂಕುಗಳನ್ನೂ ಪರೀಕ್ಷಿಸುತ್ತ ಬಂದಳು. ನನ್ನದರ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ಬ್ಯಾರಲ್ಲಿನೊಳಗೆ ದೀಪ ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಒಳಗೆ ಗಿಡವಿದೆ ಎಂದಳು.

ಬ್ಯಾರಲ್ ಕಟ್ಟಿಕೊಂಡಿದ್ದರೆ ಗುಂಡು ಹಾರಿಸುವುದು ಕಾಯಿಗಲ್ಲ, ನಮಗೇ ಅಪಾಯ. ಸರಿ, ದಂಟನ್ನು ತೆಗೆಯೋಣವೆಂದು ಪಕ್ಕದ ಪೈನ್ ಮರದ ಕಡ್ಡಿಯೊಂದನ್ನು ಮುರಿದು ತೂರಿಸಿದೆ. ದಂಟು ಇನ್ನಷ್ಟು ಒಳಗೆ ಹೋಯಿತು. ಕಡ್ಡಿಯೂ ಮುರಿದು ಅದಕ್ಕೆ ಜೊತೆಯಾಯಿತು.

ಬ್ಯಾರಲ್ ಶುಚಿ ಮಾಡುವ ಕ್ಲೀನಿಂಗ್ ರಾಡ್ ಎಲ್ಲಿ ಎಂದು ಸುತ್ತಲಿದ್ದವರು ಕೇಳಿದರು. ಗರಾಜಿನಲ್ಲಿ, ಇಡ್ಲಿ ಸ್ಟ್ಯಾಂಡಿನ ಪಕ್ಕದಲ್ಲಿತ್ತು. ಕೂಟದವರೆಲ್ಲ ತಮ್ಮ ತಮ್ಮ ರಾಡ್ ತಂದುಕೊಟ್ಟರು. ಇದ್ದುದರಲ್ಲಿ ಉದ್ದನೆಯದನ್ನು ಹಿಂದಿನಿಂದ ತೂರಿಸಿ ಹಿಡಿಯ ತನಕ ಒತ್ತಿದೆ. ಆಫೀಸರ್ ಮುಂದಿನಿಂದ ದೀಪ ಹಿಡಿದು ನೋಡಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಅಂತರ ಅಳೆದು ತೋರಿಸಿದಳು. ಬ್ಯಾರಲ್ಲಿನ ಬಾಯಿ ತಲುಪಲು ರಾಡ್ ಎರಡು ಇಂಚು ಸಾಲದು!

ನಾನು ಮಾವನ ಮುಖ ನೋಡಲಿಲ್ಲ. ಸಾಲಿನಲ್ಲಿ ನಮ್ಮ ಮನೆಯ ಹೆಸರು ಕೂಗಿದರು. ನನ್ನ ಕೈಯಲ್ಲಿ ಕೆರೊಲಿನಾದ ಅತ್ಯಂತ ನಿಖರವಾದ ಹೂಕುಂಡವಿತ್ತು. ನೆಲ ಬಾಯಿಬಿಡಬಾರದೇ ಎನ್ನಿಸಿತು.

"ನಾನ್ ಹೊಡೀಲಾ ಅಪ್ಪ?" ಎಂದಳು ಪೂವಮ್ಮ.

ಪಕ್ಕದವರ ಪುಟ್ಟ ಟ್ವೆಂಟಿ-ಟು ಇಸಿದುಕೊಂಡಳು. ಮದುವೆಯಾದ ಮೇಲೆ ಅವಳು ಕೋವಿ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ದುಪಟ್ಟಾ ನನ್ನ ಹೆಗಲಿಗೆ ಹಾಕಿ, ಕನ್ನಡಕ ಮೇಲೇರಿಸಿ, ಹೆಚ್ಚು ಹೊತ್ತು ಗುರಿಯನ್ನೂ ನೋಡದೆ ಹಾರಿಸಿದಳು. ಕಾಯಿಯಿಂದ ನೀರು ಚಿಮ್ಮಿತು. ಮಾವನ ಕೈಗಳು ಬೆಳಿಗ್ಗೆಯಿಂದ ಮೊದಲ ಬಾರಿ ಬೆನ್ನ ಹಿಂದಿನಿಂದ ಬಿಡಿಸಿಕೊಂಡು ಚಪ್ಪಾಳೆ ತಟ್ಟಿದವು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಇಂಥವಳ ಇಡ್ಲಿ ಸ್ಟ್ಯಾಂಡ್ ಹಾಳುಮಾಡಿದೆನಲ್ಲ ಎಂದು ದುಃಖವಾಯಿತು.

ವಾಪಸು ಬರುವಾಗ ಮಾವ ಹಿಂದಿನ ಸೀಟಿನಲ್ಲಿ ಕೋವಿಯ ಪೆಟ್ಟಿಗೆಯ ಪಕ್ಕ ಮುದುಡಿ ಕೂತಿದ್ದರು. ನಾನೇ ಮಾತು ತೆಗೆದೆ.

"ಸಾರಿ ಮಾವ. ಮನೆ ಮರ್ಯಾದೆ ಹೋಗ್ತಿತ್ತು ನನ್ನಿಂದ."

"ಅಲ್ಲಿ ಅಷ್ಟು ಕೋವಿ ಇತ್ತಲ್ಲ ಗಿರೀಶ, ಎಲ್ಲಾ ನೋಡಿದೆ ನಾನು. ಒಂದಕ್ಕೂ ಹೂವಿರಲಿಲ್ಲ. ನೆನಪಿಟ್ಟು ಹೂವಿಟ್ಟವನು ನೀನೊಬ್ಬನೇ." ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದರು. "ಒಳಗೆ ಇಟ್ಟುಬಿಟ್ಟೆ, ಅಷ್ಟೆ."

ಅದೇ 'ಅಷ್ಟೆ'. ಆದರೆ ಈ ಸಲ ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ನಾನು ಹೆದ್ದಾರಿಯಲ್ಲಿ ನಗುತ್ತಾ ಕಾರು ಓಡಿಸಿದೆ. ಪೂವಮ್ಮ ಗೆದ್ದ ತೆಂಗಿನಕಾಯಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು.

ಮರುವಾರ ರೈಫಲ್ಲನ್ನು ಗನ್‌ಸ್ಮಿತ್‌ಗೆ ತೋರಿಸಿದೆ. ಅವನು ಒಳಗಿದ್ದದ್ದನ್ನೆಲ್ಲ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ನಿಜವಾಗಿ ಏನನ್ನು ಹೊಡೆಯುತ್ತೀರಿ ಎಂದು ಮತ್ತೆ ಕೇಳಿದ. ಈ ಸಲ ಸತ್ಯ ಹೇಳಿದೆ. ಅವನು ಜಿಂಕೆಯ ಕೊಂಬುಗಳನ್ನೊಮ್ಮೆ ನೋಡಿ, ಬೇಕಿದ್ದರೆ ಎರಡು ಇಂಚು ಕತ್ತರಿಸಿಕೊಡುತ್ತೇನೆ ಎಂದ.

ಬೇಡ ಎಂದೆ. ಆ ತೀರ್ಮಾನ ಈಗ ನನ್ನದಲ್ಲ. ಮನೆಯಲ್ಲಿ ಖಾತೆ ಹಂಚಿಕೆ ಆಗಿದೆ. ಮುಂದಿನ ಕೈಲ್ ಮುಹೂರ್ತಕ್ಕೆ ಬ್ಯಾರಲ್, ತೋಟಾ ಮತ್ತು ಗುರಿ ಪೂವಮ್ಮನವು. ನನಗೆ ಹೂವಿನ ಖಾತೆ. ಅದೂ ದಾರ ಕಟ್ಟಿ, ಹೊರಗಡೆ ಮಾತ್ರ, ಅವಳ ಕಣ್ಣೆದುರಿಗೇ ಇಡತಕ್ಕದ್ದು.