ಮಹೇಶ್ವರಪ್ಪನವರ ಕತ್ತು

ಎಲ್ಲದಕ್ಕೂ ಕಾರಣ ಒಂದು ದಿಂಬು. ಹೊಸದಾಗಿ ಬೂರುಗದ ಹತ್ತಿ ತುಂಬಿಸಿದ ಆ ದಿಂಬನ್ನು ಶನಿವಾರ ಮಲಗುವ ಹೊತ್ತಿಗೆ ಗಂಡನ ತಲೆಯಡಿಗೆ ಇಟ್ಟವರು ಕಸ್ತೂರಮ್ಮನವರೇ. "ನಾಳೆ ಸಾಹೇಬ್ರ ಪಕ್ಕ ಕೂರೋರು ನೀವು. ಮುಖ ಲಕ್ಷಣವಾಗಿರಬೇಕು, ಚೆನ್ನಾಗಿ ನಿದ್ದೆ ಮಾಡ್ರಿ" ಎಂದು ಹೇಳಿ ಇಟ್ಟಿದ್ದರು. ಹತ್ತಿ ತುಂಬಿದವನು ಯಾರ ಮೇಲಿನ ಸಿಟ್ಟನ್ನು ಅದರಲ್ಲಿ ತುಂಬಿದ್ದನೋ, ದಿಂಬು ಅಡಿಕೆ ಚೀಲದ ಹಾಗೆ ಬಿಗಿದುಕೊಂಡಿತ್ತು. ಭಾನುವಾರ ಬೆಳಿಗ್ಗೆ ಮಹೇಶ್ವರಪ್ಪನವರು ಎದ್ದು ಕೂತರು. ಕತ್ತು ಮಾತ್ರ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ.

"ಇವಳೇ, ಇಲ್ಲಿ ಬಾ" ಎಂದು ಕೂಗಿದರು, ಎದುರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ.

"ಬಂದು ಇಲ್ಲೇ ಪಕ್ಕದಾಗೆ ನಿಂತೀನಲ್ರಿ. ಆ ಕಡೆ ಯಾಕೆ ನೋಡ್ತೀರಿ?"

"ಈ ಕಡೆ ನೋಡಾಕೆ ಆದ್ರೆ ತಾನೆ!"

ಬೇರೆ ಯಾರ ಕತ್ತಾದರೂ ಹಿಡಿದುಕೊಂಡರೆ ಅದು ಅವರ ಮನೆಯ ಮಾತು. ಆದರೆ ಮಹೇಶ್ವರಪ್ಪನವರ ಕತ್ತು ಚನ್ನಗಿರಿಯ ಸಾರ್ವಜನಿಕ ಆಸ್ತಿಯಾಗಿತ್ತು. ಊರಿನ ಸಂಗೀತ ಸಭೆ ಪ್ರತಿ ತಿಂಗಳ ಮೂರನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸೇರುತ್ತಿತ್ತು. ತ್ಯಾವಣಿಗೆ, ಉಬ್ರಾಣಿ ಕಡೆಯಿಂದ ಬಂದವರಿಗೆ ಸಂಜೆಯ ಬಸ್ಸು ಸಿಗಬೇಕಲ್ಲ, ಅದಕ್ಕೆ ಆ ಹೊತ್ತು. ಜಾಗ, ಸಭೆಯ ಕಾರ್ಯದರ್ಶಿ ಮುರುಗೇಶಪ್ಪನವರ ಅಡಿಕೆ ಗೋಡೌನು. ಮೂರು ವರ್ಷದ ಹಿಂದೆ ಮೊದಲನೇ ಸಂಗೀತ ಕಚೇರಿಗೆ ಮಹೇಶ್ವರಪ್ಪನವರನ್ನು ಅವರು ಕೈಹಿಡಿದು ಎಳೆದುಕೊಂಡು ಹೋಗಿದ್ದರು. ಮುಂದಿನ ಸಾಲಿನಲ್ಲಿ ಬಿಟ್ಟರೆ ಕೂರಲು ಬೇರೆ ಜಾಗವಿರಲಿಲ್ಲ. ಹೊಟ್ಟೆ ತುಂಬ ಊಟ, ಮಧ್ಯಾಹ್ನದ ಸೆಖೆ, ತಂಬೂರಿಯ ಗುಂಯ್ ಎನ್ನುವ ನಾದ. ಐದು ನಿಮಿಷಕ್ಕೆ ಮಹೇಶ್ವರಪ್ಪನವರ ಕಣ್ಣು ಅರೆಮುಚ್ಚಿ, ತಲೆ ಮೆಲ್ಲಗೆ ಆ ಕಡೆ ಈ ಕಡೆ ತೂಗಿತು. ವೇದಿಕೆಯ ಮೇಲಿದ್ದ ಗಾಯಕರು ಪುಳಕಿತರಾಗಿ, "ಈ ಊರಿನಲ್ಲಿ ಇಂಥ ರಸಿಕರಿದ್ದಾರೆಂದು ತಿಳಿದಿರಲಿಲ್ಲ" ಎಂದು ಕೈಮುಗಿದರು.

ಅಂದಿನಿಂದ ಮುಂದಿನ ಸಾಲಿನ ನಡುವಣ ಜಾಗ ಅವರಿಗೇ ಮೀಸಲು. ಕಾಂಬೋಜಿ ಯಾವುದು, ಮೋಹನ ಯಾವುದು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರು ತಲೆದೂಗಿದರೆ ಹಿಂದೆ ಕೂತ ಡಾಕ್ಟರು ತಲೆದೂಗುತ್ತಿದ್ದರು, ಡಾಕ್ಟರನ್ನು ನೋಡಿ ಹೆಡ್‌ಮಾಸ್ತರರು, ಅವರನ್ನು ನೋಡಿ ಇಡೀ ಗೋಡೌನು. ತಾವಾಗಿ ಮೊದಲು ತಲೆದೂಗಿ ತಪ್ಪು ಮಾಡುವ ಧೈರ್ಯ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಇಷ್ಟೇ ಆಗಿದ್ದರೆ ಕತ್ತು ನೋವೆಂದು ಮನೆಯಲ್ಲೇ ಉಳಿಯಬಹುದಿತ್ತು. ಆದರೆ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಮಹೇಶ್ವರಪ್ಪನವರಿಗೆ ಹದಿನೈದು ದಿನದ ಹಿಂದೆ ಜಗಳೂರಿಗೆ ವರ್ಗವಾಗಿತ್ತು. ಮಗಳು ಎಸ್ಸೆಸ್ಸೆಲ್ಸಿ, ಪರೀಕ್ಷೆಗೆ ಮೂರೇ ತಿಂಗಳು. ಹನ್ನೊಂದು ವರ್ಷ ಕಾದ ಮೇಲೆ ಮನೆಗೆ ನಲ್ಲಿ ಬಂದು ಇನ್ನೂ ಎರಡು ವಾರವಾಗಿಲ್ಲ, ಕಸ್ತೂರಮ್ಮ ಅದಕ್ಕೆ ದಿನಾ ಕುಂಕುಮ ಇಡುತ್ತಿದ್ದರು. ವರ್ಗ ರದ್ದು ಮಾಡಬಲ್ಲವರು ಒಬ್ಬರೇ, ಮೇಲಿನ ಸಾಹೇಬರಾದ ತಿಪ್ಪೇರುದ್ರಸ್ವಾಮಿಯವರು. ಅವರಿಗೆ ಸಂಗೀತವೆಂದರೆ ಪ್ರಾಣವಂತೆ. "ಸಾಹೇಬ್ರನ್ನ ಕಚೇರಿಗೆ ಕರೆಸ್ತೀನಿ, ನಿಮ್ಮ ಪಕ್ಕನೇ ಕೂರಿಸ್ತೀನಿ. ನಿಮ್ಮ ರಸಿಕತೆ ನೋಡಿದ್ರೆ ಆರ್ಡರ್ ತಾನೇ ಹರಿದು ಹೋಗ್ತೈತೆ" ಎಂದು ಮುರುಗೇಶಪ್ಪನವರು ಎಲ್ಲ ಏರ್ಪಾಡೂ ಮಾಡಿದ್ದರು. ಈಗ ನೋಡಿದರೆ ಕತ್ತೇ ಕೈಕೊಟ್ಟಿತ್ತು.

"ಯಾರಿಗೂ ಹೇಳಬ್ಯಾಡ" ಎಂದು ಹೆಂಡತಿಗೆ ತಾಕೀತು ಮಾಡಿದರು. ಕಸ್ತೂರಮ್ಮ ಪಕ್ಕದ ಮನೆ ಕೊಟ್ರಮ್ಮನಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ಕೊಟ್ರಮ್ಮನಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಕೊಟ್ರಮ್ಮ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಕತ್ತಿಗೆ ಒತ್ತಿದರು. ಮಹೇಶ್ವರಪ್ಪನವರು ಹಾಕಿದ ಕೂಗಿಗೆ ಎದುರು ಮನೆಯ ಪೋಸ್ಟ್‌ಮನ್ ಚಿಕ್ಕಹನುಮಂತಪ್ಪ ಓಡಿ ಬಂದ.

"ಉಪ್ಪಿನ ಶಾಖಕ್ಕೆಲ್ಲ ಬಿಡೋದಲ್ಲ ಇದು" ಎಂದ ಅವನು. "ತಪ್ಪು ಮಾಡಿರೋದು ದಿಂಬು. ದಿಂಬನ್ನ ಬಿಸಿಲಿಗೆ ಹಾಕ್ರಿ, ಅದು ಕಾದಂಗೆ ಇವರ ಕತ್ತು ಸಡಿಲಾಗ್ತೈತೆ."

ದಿಂಬನ್ನು ಕಾಂಪೌಂಡಿನ ಮೇಲೆ ಇಟ್ಟರು. ಕಾಲು ಗಂಟೆಯಲ್ಲಿ ಎಲ್ಲಿಂದಲೋ ಬಂದ ಕೋತಿಯೊಂದು ಅದನ್ನು ಎತ್ತಿಕೊಂಡು ಮರ ಹತ್ತಿತು. ಅಲ್ಲಿ ಕೂತು ಸಾವಕಾಶವಾಗಿ ಹರಿಯಿತು. ಬೀದಿ ತುಂಬ ಹತ್ತಿ ಹಾರಾಡಿತು. ಏನು, ಏನು ಎಂದು ಜನ ಕೇಳಿದರು, ಚಿಕ್ಕಹನುಮಂತಪ್ಪ ಮೊದಲಿನಿಂದ ಬಿಡಿಸಿ ಹೇಳಿದ. ಹತ್ತು ಗಂಟೆಯೊಳಗೆ ಬೀದಿಗೆ ಬೀದಿಯೇ ಮಹೇಶ್ವರಪ್ಪನವರ ಪಡಸಾಲೆಯಲ್ಲಿ ನೆರೆದಿತ್ತು.

ಆ ಗುಂಪಿನಲ್ಲಿ ಮೊಸರು ಮಾರುವ ತಿಪ್ಪಮ್ಮನೂ ಇದ್ದಳು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ನರ ಬಿಡುತ್ತದೆ ಎಂದು ಊರಿನ ನಂಬಿಕೆ. ತಿಪ್ಪಮ್ಮ ಹಾಗೆ ಹುಟ್ಟಿದವಳು. ಮೊಸರಿನ ಗಡಿಗೆ ಇಳಿಸಿ, ಮೊದಲು ಮಹೇಶ್ವರಪ್ಪನವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತಪ್ಪು ತಿಳ್ಕಬ್ಯಾಡ್ರಿ ಸ್ವಾಮಿ. ದೊಡ್ಡೋರನ್ನ ಒದೀತಾ ಇದೀನಿ" ಎಂದಳು.

"ಮೆಲ್ಲಗಮ್ಮಾ..." ಎನ್ನುವಷ್ಟರಲ್ಲಿ ಒದೆ ಬಿದ್ದೇ ಬಿಟ್ಟಿತು. ಸುತ್ತಲಿದ್ದವರ ಉತ್ಸಾಹಕ್ಕೆ ಹುರುಪೇರಿ ತಿಪ್ಪಮ್ಮ ಎರಡನೆಯದನ್ನೂ ಮೂರನೆಯದನ್ನೂ ಕೊಟ್ಟಳು. ಮಹೇಶ್ವರಪ್ಪನವರು ಮುಂದಕ್ಕೆ ಉರುಳಿದರು. ಕತ್ತು ಬಿಡಲಿಲ್ಲ, ಸೊಂಟ ಹಿಡಿದುಕೊಂಡಿತು.

ಮುರುಗೇಶಪ್ಪನವರು ಬಂದಾಗ ರಸಿಕಾಗ್ರಣಿಗಳು ಗೋಡೆಗೆ ಒರಗಿಸಿಟ್ಟ ಏಣಿಯಂತೆ ನಿಂತಿದ್ದರು.

"ಏನ್ ಗತಿ ಮಾರಾಯ್ರೆ! ನೀವು ತಲೆದೂಗದಿದ್ರೆ ಡಾಕ್ಟ್ರು ತೂಗಲ್ಲ, ಮೇಷ್ಟ್ರು ತೂಗಲ್ಲ. ಸಾಹೇಬ್ರ ಮುಂದೆ ನಮ್ಮ ಸಭೆ ಮರ್ಯಾದೆ ಏನಾಗಬೇಕು?"

"ನನ್ನ ವರ್ಗದ ಗತಿ ಏನಾಗಬೇಕು, ಅದನ್ನ ಹೇಳ್ರಿ."

"ಸೊಂಟದಿಂದ ಮ್ಯಾಲೆ ಇಡೀ ಮೈನೇ ಅಲ್ಲಾಡ್ಸಿಬಿಡ್ರಿ."

"ಸೊಂಟ ತಿಪ್ಪಮ್ಮನ ಪಾಲಾಯ್ತು" ಎಂದರು ಮಹೇಶ್ವರಪ್ಪನವರು, ಅಳುವ ದನಿಯಲ್ಲಿ.

ಮೂರು ಗಂಟೆಗೆ ಗೋಡೌನು ತುಂಬಿತ್ತು. ಚೀಲಗಳನ್ನು ಗೋಡೆಗೆ ಒಟ್ಟಿ, ನಡುವೆ ಜಮಖಾನ ಹಾಸಿದ್ದರು. ಇಬ್ಬರು ಹಿಡಿದು ಮಹೇಶ್ವರಪ್ಪನವರನ್ನು ಅವರ ಜಾಗದಲ್ಲಿ ಕೂರಿಸಿದರು. ಶಾಖದ ಕೆಂಪು ಕಾಣದಂತೆ ಕಸ್ತೂರಮ್ಮ ಕತ್ತಿಗೆ ಜರಿ ಶಲ್ಯ ಸುತ್ತಿ, ತಾವು ಹೆಂಗಸರ ಕಡೆ ಕೂತರು. ಅಷ್ಟರಲ್ಲಿ ಸಾಹೇಬರು ಬಂದರು, ಎಡಗಡೆಯಿಂದ. "ನಮಸ್ಕಾರ" ಎಂದರು. ಮಹೇಶ್ವರಪ್ಪನವರು ತಿರುಗಲಾರದೆ ವೇದಿಕೆಯ ಮೇಲಿದ್ದ ಮೃದಂಗಕ್ಕೆ ಕೈಮುಗಿದರು. ಸಾಹೇಬರು ಪಕ್ಕದಲ್ಲಿ ಕೂತರು.

ಮೈಸೂರು ಕಡೆಯ ವಿದ್ವಾಂಸರು ಮೊದಲನೆಯದನ್ನು ಹಾಡಿ ಮುಗಿಸಿ ಮುಂದಿನ ಸಾಲಿನ ನಡುಮಧ್ಯಕ್ಕೆ ನೋಡಿದರು. ಚನ್ನಗಿರಿಯ ಮಹಾರಸಿಕರ ವಿಷಯ ಅವರಿಗೂ ತಲುಪಿತ್ತು. ಮಹಾರಸಿಕರು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದರು, ತಲೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಡಾಕ್ಟರು ಮಹೇಶ್ವರಪ್ಪನವರನ್ನು ನೋಡಿದರು, ಮೇಷ್ಟ್ರು ಡಾಕ್ಟರನ್ನು ನೋಡಿದರು. ಇಡೀ ಗೋಡೌನಿನಲ್ಲಿ ಒಂದೇ ಒಂದು ಚಪ್ಪಾಳೆ ಬೀಳಲಿಲ್ಲ.

ವಿದ್ವಾಂಸರು ಶ್ರುತಿ ತಪ್ಪಿದೆಯೇನೋ ಎಂದು ತಂಬೂರಿಯ ಬಿರಡೆ ತಿರುಗಿಸಿದರು. ಎರಡನೆಯದನ್ನು ಇನ್ನಷ್ಟು ಎಚ್ಚರದಿಂದ ಹಾಡಿದರು. ಅದಕ್ಕೂ ತಲೆ ಅಲ್ಲಾಡಲಿಲ್ಲ. ಪಿಟೀಲಿನವರನ್ನು ದುರುಗುಟ್ಟಿ ನೋಡಿದರು, ಪಿಟೀಲಿನವರು ಮೃದಂಗದವರನ್ನು ನೋಡಿದರು. ಕತ್ತಿನ ಸುದ್ದಿ ತಿಳಿಯದ ಪರವೂರಿನವರ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. "ಏನೋ ಎಡವಟ್ಟಾಗೈತೆ ಕಣ್ರೀ. ನಮಗೆ ಗೊತ್ತಾಗಲ್ಲ, ಅವರಿಗೆ ಗೊತ್ತಾಗೈತೆ!"

ಈ ನಡುವೆ ಸಾಹೇಬರು ಬಗ್ಗಿ, "ಇದು ಯಾವ ರಾಗ ರೀ?" ಎಂದು ಮೆಲ್ಲಗೆ ಕೇಳಿದರು. ಕತ್ತು ಸರಿಯಿದ್ದಿದ್ದರೂ ಅದು ಯಾವ ರಾಗವೆಂದು ಮಹೇಶ್ವರಪ್ಪನವರಿಗೆ ತಿಳಿಯುತ್ತಿರಲಿಲ್ಲ. ಅವರು ನೇರವಾಗಿ ವೇದಿಕೆಯನ್ನೇ ನೋಡುತ್ತ ಕೂತರು. ಸಾಹೇಬರು ಗದರಿಸಿಕೊಂಡ ಹುಡುಗನ ಹಾಗೆ ಹಿಂದಕ್ಕೆ ಸರಿದರು. 'ಮುಗಿಯಿತು, ನಾಳೆಯೇ ಗಂಟುಮೂಟೆ ಕಟ್ಟಬೇಕು' ಎಂದುಕೊಂಡ ಮಹೇಶ್ವರಪ್ಪನವರಿಗೆ ಮಗಳ ಮುಖ, ಕುಂಕುಮ ಇಟ್ಟ ನಲ್ಲಿ ಎರಡೂ ಕಣ್ಣ ಮುಂದೆ ಬಂದವು. ಕಣ್ಣಿನಲ್ಲಿ ನೀರೂ ಬಂತು.

ವಿದ್ವಾಂಸರಿಗೆ ಈಗ ಹಟ ಹತ್ತಿತು. ಬಿಸಿ ಹಾಲು ಕುಡಿದು, ಮೇಲುವಸ್ತ್ರ ಬಿಗಿದು, ತೋಡಿಯನ್ನು ಎತ್ತಿಕೊಂಡರು. ಹಾಡಿದರು, ಹಾಡಿದರು, ಹಣೆಯ ವಿಭೂತಿ ಕರಗಿ ಗಲ್ಲಕ್ಕೆ ಇಳಿಯುವ ತನಕ ಹಾಡಿದರು. ತಮ್ಮ ಗುರುಗಳ ಮುಂದೆಯೂ ಅವರು ಹಾಗೆ ಹಾಡಿರಲಿಕ್ಕಿಲ್ಲ. ಹಿಂದೆ ಕೂತಿದ್ದ ಮುರುಗೇಶಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಶಲ್ಯ ಸರಿಪಡಿಸುವವರಂತೆ ಮುಂದೆ ಬಗ್ಗಿ, ಎರಡೂ ಕೈಯಲ್ಲಿ ರಸಿಕರ ತಲೆ ಹಿಡಿದು, "ಒಂದ್ಸಲ ಅಲ್ಲಾಡ್ಸಿ ಮಾರಾಯ್ರೆ!" ಎಂದು ಪಿಸುಗುಟ್ಟಿ ತಿರುಚಿಯೇ ಬಿಟ್ಟರು.

ಲಟಕ್ ಎಂದಿತು.

ಅದೇ ಗಳಿಗೆಯಲ್ಲಿ ವಿದ್ವಾಂಸರು ಒಂದು ಉದ್ದನೆಯ ಸ್ವರಮಾಲೆ ಮುಗಿಸಿ, ಮೃದಂಗದ ಪೆಟ್ಟಿನೊಂದಿಗೆ ಸರಿಯಾಗಿ ಬಂದು ನಿಂತಿದ್ದರು. ಬೆಳಗಿನಿಂದ ಹಿಡಿದಿದ್ದ ನರ ಬಿಟ್ಟ ಸುಖಕ್ಕೆ ಮಹೇಶ್ವರಪ್ಪನವರ ಬಾಯಿಂದ "ಆಹಾಹಾ!" ಎಂಬ ಉದ್ಗಾರ ಹೊರಟಿತು. ತಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಕಣ್ಣೀರು ಧಾರಾಕಾರ ಇಳಿಯಿತು. ಡಾಕ್ಟರು ತಲೆದೂಗಿದರು, ಮೇಷ್ಟ್ರು ತಲೆದೂಗಿದರು, ಎರಡು ತಾಸಿನಿಂದ ತಡೆದಿಟ್ಟುಕೊಂಡಿದ್ದ ಚಪ್ಪಾಳೆ ಒಮ್ಮೆಲೇ ಬಿದ್ದು ಗೋಡೌನಿನ ತಗಡು ನಡುಗಿತು. ವಿದ್ವಾಂಸರು ವೇದಿಕೆಯಿಂದ ಇಳಿದು ಬಂದು ಮಹೇಶ್ವರಪ್ಪನವರನ್ನು ಅಪ್ಪಿಕೊಂಡರು.

"ನನ್ನ ಬೆವರು ಇಳಿಸಿಬಿಟ್ರಿ ಸ್ವಾಮಿ. ಇವತ್ತು ನಾನು ಹಾಡಿದ್ದು ನಿಮ್ಮೊಬ್ಬರಿಗಾಗಿ" ಎಂದರು.

ಕಚೇರಿ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ, ಕಾಫಿ. ಸಾಹೇಬರು ಮಹೇಶ್ವರಪ್ಪನವರನ್ನು ಪಕ್ಕಕ್ಕೆ ಕರೆದರು. ಅವರ ಕಣ್ಣಲ್ಲಿ ಭಕ್ತಿಯಿತ್ತು. ದೂರದಿಂದ ನೋಡುತ್ತಿದ್ದ ಕಸ್ತೂರಮ್ಮ ಮನಸ್ಸಿನಲ್ಲೇ ದೇವರಿಗೆ ಕಾಯಿ ಹರಸಿಕೊಂಡು, ಹತ್ತಿರ ಬಂದು ನಿಂತರು. ಸಾಹೇಬರು ಜೇಬಿನಿಂದ ಒಂದು ಕಾಗದ ತೆಗೆದರು.

"ಇದೇನು ಗೊತ್ತೇನ್ರಿ? ನಿಮ್ಮ ವರ್ಗ ರದ್ದು ಮಾಡಿರೋ ಆರ್ಡರ್. ಮಗಳ ಪರೀಕ್ಷೆ ಐತೆ ಅಂತ ಅರ್ಜಿ ಕೊಟ್ಟಿದ್ರಲ್ಲ, ಪಾಪ ಅನ್ನಿಸ್ತು. ಬೆಳಿಗ್ಗೆನೇ ಸಹಿ ಮಾಡ್ಕಂಡು ಬಂದಿದ್ದೆ."

ಮಹೇಶ್ವರಪ್ಪನವರಿಗೆ ಕುಣಿಯಬೇಕೆನ್ನಿಸಿತು. ಕೈ ಚಾಚಿದರು. ಸಾಹೇಬರು ಕಾಗದವನ್ನು ಎರಡು ಮಾಡಿ ಹರಿದರು, ಆಮೇಲೆ ನಾಲ್ಕು ಮಾಡಿದರು.

"ಸಾರ್!"

"ನಿಮ್ಮಂಥೋರನ್ನ ಇಲ್ಲಿ ಬಿಡಬಾರದು ರೀ. ನಮ್ಮೂರು ಜಗಳೂರೇ. ಪ್ರತಿ ಶನಿವಾರ ಭಾನುವಾರ ಊರಿಗೆ ಹೋಗ್ತೀನಿ, ಇವತ್ತೊಂದಿನ ತಪ್ಪಿಸ್ಕಂಡು ಬಂದೆ, ಮನೆ ಪಡಸಾಲೆನಾಗೆ ಒಂದು ಸಂಗೀತ ಸಭೆ ಮಾಡೀನಿ. ನಾನೇ ಹಾಡೋದು, ಮೂರು ಮೂರು ತಾಸು. ಕೇಳಾಕೆ ಕೂತೋರೆಲ್ಲ ನಮ್ಮ ಆಫೀಸಿನೋರು. ನಾನು ಬಾಯಿ ತೆರೆಯೋ ಮೊದಲೇ ತಲೆ ಅಲ್ಲಾಡಿಸ್ತಾರೆ, ಸಾಹೇಬ ಹಾಡ್ತಾನೆ ಅಂತ. ನಾನು ಹೆಂಗೆ ಹಾಡ್ತೀನಿ ಅಂತ ಹತ್ತು ವರ್ಷದಿಂದ ನನಗೇ ಗೊತ್ತಿಲ್ಲ!" ಸಾಹೇಬರು ಹರಿದ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. "ನೀವು ನೋಡ್ರಿ, ಎರಡು ಗಂಟೆ ಹೊತ್ತು ಕಲ್ಲಿನಂಗೆ ಕೂತ್ರಿ. ನಾನು ಮಾತಾಡಿಸಿದ್ರೂ ಮುಖ ನೋಡಲಿಲ್ಲ. ಯಾರ ಮುಲಾಜಿಗೂ ಅಲ್ಲಾಡದ ಇಂಥ ತಲೆ ನನಗೊಂದು ಬೇಕಿತ್ತು. ಮನೆಯೋರು ಪರೀಕ್ಷೆ ತನಕ ಇಲ್ಲೇ ಇರಲಿ. ನೀವೊಬ್ರು ನಾಳೆನೇ ಬಂದು ಸೇರ್ಕಳ್ರಿ, ಊಟ ವಸತಿ ನಮ್ಮ ಮನೇಲೇ. ಏನಂತೀರಿ?"

ಆಗುವುದಿಲ್ಲ ಎನ್ನಬೇಕೆಂದು ಮಹೇಶ್ವರಪ್ಪನವರು ಬಾಯಿ ತೆರೆದರು. ಮುಂದೆ ನಿಂತಿದ್ದವರು ಸಾಹೇಬರು. ಹದಿನೆಂಟು ವರ್ಷ ಸರ್ಕಾರದ ಉಪ್ಪು ತಿಂದ ತಲೆ ಯಾರ ಅಪ್ಪಣೆಗೂ ಕಾಯದೆ, ತಾನಾಗಿಯೇ ಸರಾಗವಾಗಿ ಅಲ್ಲಾಡಿತು, "ಹೂಂ ಸಾರ್, ಆಗಲಿ ಸಾರ್."

ಸಾಹೇಬರು ಸಂತೋಷದಿಂದ ಜೀಪು ಹತ್ತಿದರು. ಕಸ್ತೂರಮ್ಮ ಗಂಡನ ಕತ್ತಿನಿಂದ ಶಲ್ಯ ಬಿಚ್ಚಿಕೊಂಡರು.

"ಹಾಳಾದ ಕತ್ತು, ಇನ್ನೊಂದು ತಾಸು ಹಿಡ್ಕಂಡಿದ್ರೆ ಅದರ ಗಂಟೇನು ಹೋಗ್ತಿತ್ತು?"