ಲಗ್ಗೆರೆಯಲ್ಲೊಂದು ಸಮುದ್ರ

ನಮ್ಮ ಸೋದರಮಾವ ಲಗ್ಗೆರೆಯ ಒಂದು ವಠಾರದಲ್ಲಿ ಸಮುದ್ರದ ಮೇಲೆ ವಾಸವಾಗಿದ್ದಾರೆ. ನಗಬೇಡಿ! ಬಾಡಿಗೆ ಕರಾರೂ ಇದೆ. ಅದರಲ್ಲಿ ‘ಒಂದು ರೂಮು, ಅಡುಗೆಮನೆ, ಬಚ್ಚಲು’ ಎಂದಷ್ಟೇ ಇರುವುದು ಬರೆದವನ ಅಜ್ಞಾನ ಎಂದು ಮಾವನ ವಾದ.

ಮಾವ ಕಲಬುರಗಿ ಕಡೆಯ ಗಣಿಯಲ್ಲಿ ಅರ್ಧ ಆಯುಷ್ಯ ಶಹಾಬಾದ್ ಕಲ್ಲು ಎಬ್ಬಿಸಿದವರು. ಹಳೆಯ ಮನೆಗಳ ನೆಲಕ್ಕೆ ಹಾಸಿರುತ್ತಾರಲ್ಲ, ಆ ಬೂದು ಚಪ್ಪಡಿ. ಒಮ್ಮೆ ಗಣಿ ನೋಡಲು ಬಂದ ಕಾಲೇಜು ಮೇಷ್ಟ್ರೊಬ್ಬರು, ‘ಇಲ್ಲಿ ಹಿಂದೆ ಸಮುದ್ರವಿತ್ತು, ಅದರ ತಳದ ಕೆಸರೇ ಪದರ ಪದರವಾಗಿ ಕೂತು ಈ ಕಲ್ಲಾಗಿದೆ’ ಎಂದು ಹೇಳಿದರಂತೆ. ಮೇಷ್ಟ್ರು ಸಂಜೆಯ ಬಸ್ಸಿಗೆ ಹೊರಟುಹೋದರು. ಸಮುದ್ರ ಮಾತ್ರ ಮಾವನ ತಲೆಯಲ್ಲೇ ಉಳಿಯಿತು.

ಬೆಂಗಳೂರಿಗೆ ಬಂದು ನೆಲ ಹಾಸುವ ಕೆಲಸ ಹಿಡಿದ ಮೇಲೂ ಅದು ಬತ್ತಲಿಲ್ಲ. ಪ್ರತಿ ಚಪ್ಪಡಿಯನ್ನೂ ಬೆರಳಲ್ಲಿ ಸವರಿ, ಸಮುದ್ರದಲ್ಲಿದ್ದಾಗ ಯಾವ ಮುಖ ಮೇಲಿತ್ತೆಂದು ಪತ್ತೆಹಚ್ಚಿ, ಪೆನ್ಸಿಲಿನಲ್ಲಿ ಗುರುತು ಹಾಕಿಯೇ ಕೂರಿಸುವುದು. ಪೀಣ್ಯದ ಮನೆಯೊಂದರ ಯಜಮಾನರಿಗೆ ತಾಳ್ಮೆ ಕೆಟ್ಟಿತು.

“ಯಾವ್ ಕಡೆ ಹಾಕಿದ್ರೇನಣ್ಣ? ಎರಡೂ ಬೂದಿನೇ ಅಲ್ವಾ?”

“ನಿಮ್ಮನ್ನ ಬೋರಲ ಮಲಗಿಸಿದ್ರ ನಿದ್ದಿ ಬರ್ತದೇನ್ರಿ?”

“ನಾನು ದಿನಾ ಬೋರಲೇ ಮಲಗೋದು!”

ಮಾವ ಎರಡು ದಿನ ಆ ಮನೆಯ ಕಡೆ ಹೋಗಲಿಲ್ಲ.

ಇನ್ನೊಂದು ಸಲ ನನ್ನ ಫ್ಯಾಕ್ಟರಿಯ ಗೆಳೆಯ ಅವರನ್ನು ಕೆಣಕಿದ. “ಸಮುದ್ರ ಅಂದ್ಮೇಲೆ ಕಲ್ಲಲ್ಲಿ ಒಂದ್ ಮೀನಾದ್ರೂ ತೋರ್ಸಿ ಅಂಕಲ್.”

“ಆವಾಗ ಮೀನು ಇನ್ನಾ ಹುಟ್ಟಿದ್ದಿಲ್ಲ.”

“ಶಂಖ?”

“ಅದೂ ಇಲ್ಲ.”

“ಮತ್ತೆ ಇದ್ದಿದ್ದೇನು?”

“ನೀರಿತ್ತು. ನಿಮ್ಮ ಏರಿಯಾದಾಗ ಅದಾದ್ರೂ ಬರ್ತದೇನು?”

ಗೆಳೆಯ ಆ ವಾರವೆಲ್ಲ ನೀರಿನ ಟ್ಯಾಂಕರಿಗೆ ಫೋನು ಮಾಡಿ ಸುಸ್ತಾಗಿದ್ದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಹೋದ ವರ್ಷ ಒಂದು ಭಾನುವಾರ ಮಾವ ತಮ್ಮ ಬಾಡಿಗೆ ಮನೆಯ ನೆಲವನ್ನೇ ಅಗೆದರು! ಓನರಿಗೆ ಒಂದು ಮಾತೂ ಹೇಳದೆ, ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಬಚ್ಚಲಿನವರೆಗೆ ಇದ್ದ ನುಣ್ಣನೆಯ ಕಲ್ಲುಗಳನ್ನು ಕಿತ್ತು, ಊರಿನಿಂದ ಲಾರಿಯಲ್ಲಿ ತರಿಸಿದ ಬೇರೆ ಕಲ್ಲು ಕೂರಿಸಿದರು. ಅವೆಲ್ಲ ಅಲೆಯ ಗುರುತಿದ್ದ ಚಪ್ಪಡಿಗಳು. ಮರಳಿನ ಮೇಲೆ ನೀರು ಹರಿದು ಏಣು ಏಣಾಗುತ್ತದಲ್ಲ, ಹಾಗೆ. ನೆಲ ಒರೆಸಿದರೆ ಆ ಸಾಲಿನಲ್ಲಿ ನೀರು ನಿಲ್ಲುತ್ತಿತ್ತು, ಸ್ಟೂಲು ಇಟ್ಟರೆ ಕುಣಿಯುತ್ತಿತ್ತು. ಪೀಣ್ಯದಲ್ಲಿ ನನ್ನ ಕೆಲಸವೇ ಕೂದಲೆಳೆಯಷ್ಟು ಸಪಾಟಿಲ್ಲದ ಬಿಡಿಭಾಗಗಳನ್ನು ರಿಜೆಕ್ಟ್ ಮಾಡುವುದು. ಆ ನೆಲ ನೋಡಿ ನನಗೆ ಮೈ ಪರಚಿಕೊಳ್ಳುವಂತಾಗಿತ್ತು.

ಸಂಗತಿ ಓನರ್ ಗೌಡರ ಕಿವಿಗೆ ಬಿದ್ದದ್ದು ಈಚೆಗೆ. ಟೈಲ್ಸ್ ಹಾಕಿಸಲು ಒಪ್ಪಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು ಎಂದು ಹೇಳಿ ಕಳಿಸಿದರು. ಮನೆ ಕೊಡಿಸಿದವನು ನಾನಾದ್ದರಿಂದ ಪಂಚಾಯಿತಿಗೆ ನಾನೂ ಹೋದೆ.

ಗೌಡರು ಎರಡು ಹೊಳೆಯುವ ಟೈಲ್ಸ್ ತಂದು ಅಲೆಗಲ್ಲುಗಳ ಮೇಲೇ ಹಾಸಿ ತೋರಿಸಿದರು. “ಎಂಗೈತೆ ನೋಡಿ! ಮಖ ಕಾಣ್ತದೆ. ಅದ್ ಬುಟ್ಟು ನನ್ ಮನೆ ನೆಲ ಅಗ್ದು ಸಮುದ್ರ ಮಾಡ್ಕಂಡಿದೀರಲ್ರೀ!”

“ಗೌಡ್ರು ಹೇಳೋದ್ರಲ್ಲಿ ತಪ್ಪೇನಿದೆ ಮಾಮಾ?” ಎಂದೆ ನಾನು.

“ಅಳಿಯಾ, ಮನಿ ಬಿಡು ಅಂದ್ರ ಬಿಡ್ತೀನಿ. ಟೈಲ್ಸ್ ಬ್ಯಾಡ,” ಎಂದರು ಮಾವ. ಅಂಥ ಹುಚ್ಚು!

ಅಷ್ಟರಲ್ಲಿ ಅತ್ತೆ ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಸ್ವಲ್ಪ ಮಂಜು ಎಂದಷ್ಟೇ ನಮಗೆಲ್ಲ ಗೊತ್ತಿತ್ತು. ಯಾವಾಗಿನಂತೆ ಬರಿಗಾಲಲ್ಲಿ ಬಿರಬಿರನೆ ಬಂದವರು ಟೈಲ್ಸ್ ಮೇಲೆ ಕಾಲಿಟ್ಟೊಡನೆ ಗಕ್ಕನೆ ನಿಂತುಬಿಟ್ಟರು. ಒಂದು ಪಾದ ಆ ಕಡೆ ತಡಕಾಡಿತು, ಈ ಕಡೆ ತಡಕಾಡಿತು. ತಟ್ಟೆಯಲ್ಲಿ ಕಪ್ಪುಗಳು ಗಲಗಲ ಎಂದವು.

“ಏನ್ರಿ, ನನ್ನ ದಾರಿ ಎಲ್ಲಿ ಹೋಯ್ತು?” ಎಂದು ಅವರು ಗೋಡೆಯನ್ನು ಕೇಳಿದರು. ಮಾವ ಇದ್ದದ್ದು ಇನ್ನೊಂದು ಕಡೆ.

ಮಾವ ಎದ್ದು, ಸದ್ದಾಗದಂತೆ ಟೈಲ್ಸ್ ಎತ್ತಿ ಪಕ್ಕಕ್ಕಿಟ್ಟರು. “ಇಲ್ಲೇ ಅದಾ. ಬಾ.”

ಅತ್ತೆಯ ಪಾದಕ್ಕೆ ಅಲೆ ಸಿಕ್ಕಿತು. ನಗುತ್ತಾ ಬಂದು ನಮಗೆ ಚಹಾ ಕೊಟ್ಟು, ಬಂದ ದಾರಿಯಲ್ಲೇ ಒಳಗೆ ಹೋದರು.

ಮಾವ ದನಿ ತಗ್ಗಿಸಿದರು. “ಒಂದು ವರ್ಷ ಆಯ್ತು, ಆಕಿ ಕಣ್ಣು ಪೂರಾ ಹೋಗ್ಯಾವ. ಮಂದಿಗಿ ಗೊತ್ತಾದ್ರ ಕೈ ಹಿಡದು ನಡೆಸ್ತಾರ. ಅದು ಆಕಿಗಿ ಆಗಂಗಿಲ್ಲ. ನನ್ನ ಹುಚ್ಚ ಅನ್ಲಿ ಬಿಡು, ಏನಾಗ್ತದ?”

ಗೌಡರು ಚಹಾ ಮುಗಿಸಿ ಎದ್ದರು. ಆಮೇಲೆ ಎರಡೂ ಟೈಲ್ಸ್ ಕಂಕುಳಲ್ಲಿ ಇಟ್ಟುಕೊಂಡು, ಅಡುಗೆಮನೆಗೆ ಕೇಳುವಂತೆ ಜೋರಾಗಿ ಹೇಳಿದರು: “ಈ ಟೈಲ್ಸು ಸರಿಗಿಲ್ಲ ಕಣ್ರೀ, ಜಾರ್ತದೆ. ನಿಮ್ ಕಲ್ಲೇ ಇರ್ಲಿ ಬುಡಿ.”

ಗೌಡರು ಹೋದ ಮೇಲೆ ನಾನು ಸಾಕ್ಸ್ ಕಳಚಿ, ಕಣ್ಣು ಮುಚ್ಚಿ, ಬಾಗಿಲಿನಿಂದ ನಡೆಯತೊಡಗಿದೆ. ನಾಲ್ಕನೆಯ ಹೆಜ್ಜೆಗೆ ದಾರಿ ತಪ್ಪಿ ಹಣೆ ಗೋಡೆಗೆ ಬಡಿಯಿತು.

“ಅವಸರ ಮಾಡಬ್ಯಾಡೋ, ಕಾಲಿಗಿ ಗೊತ್ತಾಗ್ತದ,” ಎಂದು ಒಳಗಿನಿಂದ ಅತ್ತೆ ನಕ್ಕರು.

ಮತ್ತೆ ಬಾಗಿಲಿಗೆ ಹೋಗಿ ಮೊದಲಿನಿಂದ ಶುರು ಮಾಡಿದೆ. ಒಲೆ ಮುಟ್ಟುವವರೆಗೆ ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಮಾವನ ಎದುರೇ ನೀರು ಇಳಿದುಬಿಡುತ್ತಿತ್ತು.