ಹದಿನೇಳರ ಮಗ್ಗಿಗೆ ನನ್ನ ಸಹಿ

ನನಗೆ ಮೂವತ್ತರವರೆಗೆ ಮಗ್ಗಿ ಬರುತ್ತದೆ. ಇದನ್ನು ನಾನಾಗಿಯೇ ಹೇಳಿಕೊಳ್ಳಬೇಕಾಗಿ ಬಂದಿರುವುದೇ ನನ್ನ ದುಃಖ. ಹಾಡು ಬರುವವನನ್ನು ಮದುವೆಮನೆಯಲ್ಲಿ ಒಂದು ಹೇಳಪ್ಪಾ ಎಂದು ಎಲ್ಲರೂ ಒತ್ತಾಯ ಮಾಡುತ್ತಾರೆ. ಇಪ್ಪತ್ತಮೂರರ ಮಗ್ಗಿ ಬರುವವನನ್ನು ಯಾರೂ ಒತ್ತಾಯಿಸುವುದಿಲ್ಲ. ಬಾಗಲಕೋಟೆ ಕಡೆಯ ನಮ್ಮೂರ ಶಾಲೆಯಲ್ಲಿ ಕಾಲು, ಅರ್ಧ, ಮುಕ್ಕಾಲರ ಮಗ್ಗಿಯನ್ನೂ ಕಿವಿ ಹಿಂಡಿಸಿಕೊಂಡು ಕಲಿತವನು ನಾನು. ನೌಕರಿ ಹಿಡಿದು ಪುಣೆಗೆ ಬಂದು ನಿಗಡಿಯಲ್ಲಿ ಮನೆ ಮಾಡಿದ ಮೇಲೆ ಈ ವಿದ್ಯೆಯನ್ನು ಮಗನಿಗಾದರೂ ದಾಟಿಸೋಣವೆಂದು ಹೊರಟೆ. ಅವನು ಕ್ಯಾಲ್ಕುಲೇಟರನ್ನು ನನ್ನ ಮುಂದೆ ಸರಿಸಿ, ಇದರಲ್ಲಿ ಮೂವತ್ತರ ಆಚೆಗಿನದೂ ಇದೆ ಅಪ್ಪಾ ಎಂದ. ಮನೆಯೊಳಗೆ ಮಾನ ಹೋಗಲು ಹೊರಗಿನವರು ಬೇಕಾಗಿಲ್ಲ.

ಹೀಗೆ ನನ್ನ ವಿದ್ಯೆ ತುಕ್ಕು ಹಿಡಿಯುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಎದುರಿನ ಖಾಲಿ ಜಾಗದಲ್ಲಿ ಕಟ್ಟಡ ಏಳತೊಡಗಿತು. ಕೆಲಸಕ್ಕೆ ಬಂದವರಲ್ಲಿ ಯಾದಗಿರಿ ಕಡೆಯ ಶರಣವ್ವ ಎಂಬಾಕೆ ನಮ್ಮ ಮನೆಗೆ ಕುಡಿಯುವ ನೀರು ತುಂಬಿಕೊಳ್ಳಲು ಬರುತ್ತಿದ್ದಳು. ಒಂದು ದಿನ ಒಂಬತ್ತು ವರ್ಷದ ಮಗಳು ಭೀಮವ್ವನನ್ನೂ ಕರೆತಂದು ನನ್ನ ಮುಂದೆ ನಿಲ್ಲಿಸಿದಳು. ಹತ್ತಿರದ ಮರಾಠಿ ಶಾಲೆಯ ಮುಖ್ಯಾಧ್ಯಾಪಿಕೆ ಹುಡುಗಿಗೆ ಓದು ಬರಹ ಪರವಾಗಿಲ್ಲ ಎಂದಿದ್ದರಂತೆ. ಗುಣಾಕಾರ ಭಾಗಾಕಾರ ಬಂದರೆ ಜೂನಿನಲ್ಲಿ ನಾಲ್ಕನೇ ಇಯತ್ತೆಗೆ ಅಂದರೆ ತರಗತಿಗೆ, ಬಾರದಿದ್ದರೆ ಒಂದನೇದಕ್ಕೆ. ಒಂದನೇದರಲ್ಲಿ ಅವಳ ತಮ್ಮ ಕೂರುವವನಿದ್ದ.

ಭೀಮವ್ವ ಅಷ್ಟು ಹೊತ್ತು ನೆಲ ನೋಡುತ್ತಿದ್ದವಳು ತಲೆ ಎತ್ತಿದಳು. "ನಾ ಅವನ ಬಾಜೂಕ ಕುಂದರಂಗಿಲ್ರಿ ಕಾಕಾ. ಅವನ ಮೂಗು ಒರಸಾಕಿ ನಾನ ಅದೀನಿ."

ನನಗೆ ಒಳಗೊಳಗೇ ಭಾಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಹುಡುಗಿಯ ಕಷ್ಟಕ್ಕಲ್ಲ, ನನಗೊಬ್ಬ ಶಿಷ್ಯೆ ಸಿಕ್ಕಿದ್ದಕ್ಕೆ. ಮರುದಿನವೇ ಒಂದು ಹಲಗೆ ತಂದು ಕೆಳಗೆ ಪಾರ್ಕಿಂಗಿನಲ್ಲಿ ಒರಗಿಸಿದೆ. ಸಂಜೆ ಫ್ಯಾಕ್ಟರಿಯಿಂದ ಬಂದವನೇ ಚಹಾ ಕುಡಿದು ಎರಡೊಂದ್ಲೆ ಎರಡು ಎಂದು ಶುರುಮಾಡಿದರೆ ನಮ್ಮ ಸೊಸೈಟಿಯ ವಾಚ್‌ಮನ್ ಕೂಡ ತಾಳಕ್ಕೆ ತಲೆದೂಗುತ್ತಿದ್ದ. ಮೂರು ವಾರದಲ್ಲಿ ಹುಡುಗಿ ಹತ್ತರವರೆಗಿನದನ್ನು ನುಂಗಿ ನೀರು ಕುಡಿದಳು. ಆಮೇಲೆ ಭಾಗಾಕಾರಕ್ಕೆ ಬಂದೆವು. ಪುಸ್ತಕದಲ್ಲಿ ಮಾವಿನಹಣ್ಣು ಹಂಚುವ ಲೆಕ್ಕಗಳಿದ್ದವು. ಅವು ನನಗೇ ಬೇಸರ. ನಾನು ರಸ್ತೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡೆ: ಮೂವತ್ತು ಮಂದಿ ಚಿಂಚವಡಕ್ಕೆ ಹೋಗಬೇಕು, ಎಷ್ಟು ಸಿಕ್ಸ್ ಸೀಟರ್ ರಿಕ್ಷಾ ಬೇಕು?

"ಮೂರು," ಎಂದಳು.

ನಾನು ತಾಳ್ಮೆಯಿಂದ ರಿಕ್ಷಾದ ಹೆಸರಿನಲ್ಲೇ ಆರು ಇದೆಯೆಂದು ತೋರಿಸಿಕೊಟ್ಟೆ. ಹೆಸರು ಹಂಗ ಅದರೀ, ಮಂದಿ ಹತ್ತು ಕುಂದರತಾರ ಎಂದಳು. ನಾನು ಗದರಿದೆ. ಅವಳು ಉತ್ತರ ಅಳಿಸಿ ಐದು ಬರೆದಳು. ಆದರೆ ಬರೆಯುವಾಗ ನನ್ನನ್ನು ನೋಡಿದ ರೀತಿ, ಪಾಪ, ಇವರಿಗೆ ಯಾಕೆ ಬೇಜಾರು ಮಾಡುವುದು ಎನ್ನುವ ಹಾಗಿತ್ತು.

ಆ ನೋಟ ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾನು ಫ್ಯಾಕ್ಟರಿಯ ಬಸ್ಸಿನಲ್ಲಿ ಓಡಾಡುವವನು, ಆ ರಿಕ್ಷಾ ಹತ್ತಿದ್ದೇ ಇಲ್ಲ. ಅದು ನಿಜವಾಗಿ ಎಷ್ಟು ಮಂದಿಯನ್ನು ಒಳಗೆ ಹಾಕಿಕೊಳ್ಳುತ್ತದೆ ಎಂಬ ಕುತೂಹಲಕ್ಕೆ ಒಂದು ಬೆಳಿಗ್ಗೆ ಬಸ್ಸು ಬಿಟ್ಟು ರಸ್ತೆಗೆ ಬಂದು ಕೈ ಮಾಡಿದೆ. ಒಳಗೆ ಆಗಲೇ ಏಳು ಜನ. ನಾನು ಎಂಟನೆಯವನು. ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಬುಟ್ಟಿ ಸಮೇತ ಹತ್ತಿದರು. ಹತ್ತನೆಯವರಾಗಿ ಒಬ್ಬ ದಪ್ಪನೆಯ ಗೃಹಸ್ಥರು ಚಾಲಕನ ಪಕ್ಕ ಕೂತಾಗ ಚಾಲಕ ಅರ್ಧ ಹೊರಗೆ ಬಂದು ಒಂದೇ ತೊಡೆಯ ಮೇಲೆ ಗಾಡಿ ಓಡಿಸತೊಡಗಿದ. ಇದರಲ್ಲಿ ಒಟ್ಟು ಎಷ್ಟು ಜನ ಹಿಡಿಯುತ್ತಾರೆ ಎಂದು ನನ್ನ ಮರಾಠಿಯಲ್ಲಿ ಕೇಳಿದೆ. ಬರುವವರು ಬಂದ ಮೇಲೆ ಎಣಿಸಿ ಹೇಳ್ತೀನಿ ಎಂದ. ಫ್ಯಾಕ್ಟರಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಸಂಜೆ ಶಿಷ್ಯೆಗೆ ಸೋಲೊಪ್ಪಿಕೊಂಡೆ. ರೋಡಿನಾಗ ಹತ್ತು, ಪಾಟಿ ಮ್ಯಾಲೆ ಆರು, ಪರೀಕ್ಷಾದಾಗ ಪಾಟಿದು ಹೇಳು ಎಂದೆ. ಅವಳು ಸ್ವಲ್ಪ ಯೋಚಿಸಿ, ಎರಡೂ ನೆನಪಿಡ್ತೀನ್ರಿ ಎಂದಳು. ಚಹಾ ತಂದಿದ್ದ ನನ್ನ ಹೆಂಡತಿ, ನಿಮಗಿಂತ ಹುಡುಗಿನ ಶಾಣ್ಯಾ ಅದಾಳ್ರಿ ಎಂದು ಮೇಲೆ ಹೋದಳು.

ಪರೀಕ್ಷೆಯ ದಿನ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಮುಖ್ಯಾಧ್ಯಾಪಿಕೆ ಕನ್ನಡಕ ಸರಿಮಾಡಿಕೊಂಡು, "ಆಠ ಸತ್ತೆ ಕಿತೀ?" ಎಂದರು. ಇಡೀ ತಿಂಗಳು ನಾನು ಮರಾಠಿ ಶಾಲೆಗೆ ಹೋಗುವ ಹುಡುಗಿಗೆ ಕನ್ನಡ ಮಗ್ಗಿ ಉರು ಹೊಡೆಸಿದ್ದೆ! ಅಷ್ಟು ದಿನಗಳಲ್ಲಿ ಒಂದು ದಿನವಾದರೂ ಈ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತೇ ಎಂಟೇಳ್ಲೆ ಎಷ್ಟವಾ ಎಂದು ಪಿಸುಗುಟ್ಟಲು ಬಾಯಿ ತೆರೆದೆ. ಅಷ್ಟರಲ್ಲಿ ಭೀಮವ್ವ ನನ್ನ ಕಡೆ ನೋಡದೆಯೇ "ಛಪ್ಪನ್ನ" ಎಂದಳು. ಐವತ್ತಾರಕ್ಕೆ ಮರಾಠಿಯವರು ಹಾಗೆನ್ನುತ್ತಾರೆ. ಮರಾಠಿ ಅಂಕಿಗಳನ್ನು ಅವಳು ಕಟ್ಟಡದ ಮೇಲೆ ಮರಾಠಿ ಮೇಸ್ತ್ರಿಗೆ ಇಟ್ಟಿಗೆ ಎಣಿಸಿ ಕೂಗಿ ಹೇಳುತ್ತಲೇ ಕಲಿತಿದ್ದಳು. ಭಾಗಾಕಾರದ ಎರಡು ಲೆಕ್ಕವೂ ಸರಿಯಾದವು. ಒಂದು ತಿಂಗಳು ನಾಲ್ಕನೇದರಲ್ಲಿ ಕೂರಿಸಿ ನೋಡುತ್ತೇನೆ, ಹಿಂದೆ ಬಿದ್ದರೆ ಒಂದನೇದಕ್ಕೆ ಎಂದರು ಮುಖ್ಯಾಧ್ಯಾಪಿಕೆ.

ಆ ಶಾಲೆಯಲ್ಲೊಂದು ಪದ್ಧತಿ. ದಿನವೂ ಮನೆಯಲ್ಲಿ ಯಾರಾದರೂ ಮಗುವಿನ ಬಾಯಿಂದ ಮಗ್ಗಿ ಕೇಳಿ ವಹಿಯಲ್ಲಿ ಸಹಿ ಹಾಕಬೇಕು. ಶರಣವ್ವನಿಗೆ ಸಹಿ ಬಾರದು. ನಾನಿದ್ದೆನಲ್ಲ, ಹುಮ್ಮಸ್ಸಿನಿಂದ ಒಪ್ಪಿಕೊಂಡೆ. ಆದರೆ ಈಗ ಅವಳು ಹೇಳುವುದೆಲ್ಲ ಮರಾಠಿಯಲ್ಲಿ. ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ಆಗಲೇ ಪುಣೆಗೆ ಬಂದು ಹದಿನೆಂಟು ವರ್ಷವಾಗಿತ್ತು, ಮರಾಠಿಯಲ್ಲಿ ತರಕಾರಿ ಚೌಕಾಶಿ ಮಾಡುತ್ತಿದ್ದೆ, ಬಸ್ಸಿನಲ್ಲಿ ಜಗಳ ಆಡುತ್ತಿದ್ದೆ. ಆದರೆ ಮೂವತ್ತರ ಮುಂದಿನ ಅಂಕಿಗಳು ನನಗೆ ಬರುತ್ತಿರಲಿಲ್ಲ. ಏಕೋಣಸಾಠ ಅಂದರೆ ಐವತ್ತೊಂಬತ್ತೋ ಅರವತ್ತೊಂದೋ ಎಂದು ತೊದಲುತ್ತಿದ್ದೆ, ಅಂಗಡಿಯಲ್ಲಿ ಇಂಗ್ಲಿಷಿಗೆ ಜಾರಿಕೊಳ್ಳುತ್ತಿದ್ದೆ. ಇದನ್ನು ಶಿಷ್ಯೆಯ ಮುಂದೆ ಹೇಳುವುದು ಹೇಗೆ? ಅವಳು ಗಡಗಡ ಹೇಳುವಳು, ನಾನು ಕಣ್ಣು ಮುಚ್ಚಿ ತಲೆದೂಗುವೆನು, ಶಾಬ್ಬಾಸ್ ಅಂದು ಸಹಿ ಹಾಕುವೆನು. ತಾಳ ತಪ್ಪಲಿಲ್ಲವೆಂದರೆ ಲೆಕ್ಕವೂ ತಪ್ಪಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಮೂರನೇ ವಾರ ಶಾಲೆಯಿಂದ ಕರೆ ಬಂತು. ಭೀಮವ್ವ ತರಗತಿಯಲ್ಲಿ ಹದಿನೇಳು ಮೂರಲೆ ನಲವತ್ತೊಂದು ಎಂದಿದ್ದಳಂತೆ, ನಾಲ್ಕು ದಿನ ಸತತವಾಗಿ. ವಹಿಯಲ್ಲಿ ಆ ನಾಲ್ಕೂ ದಿನ ನನ್ನ ಸಹಿ, ಅದೂ ಕೆಳಗೆ ಗೆರೆ ಎಳೆದ ದೊಡ್ಡ ಸಹಿ. ಮುಖ್ಯಾಧ್ಯಾಪಿಕೆ ವಹಿಯನ್ನು ನನ್ನ ಕಡೆ ತಿರುಗಿಸಿಟ್ಟು, ನೀವು ಕೇಳಿಯೇ ಸಹಿ ಮಾಡಿದಿರಾ ಎಂದರು. ಹೌದು ಎಂದೆ. ಹಾಗಾದರೆ ಹುಡುಗಿ ಹೇಳಿದ ಈ ಏಕ್ಕೇಚಾಳೀಸ ಅಂದರೆ ಎಷ್ಟು ಎಂದರು. ನಾನು ಗೋಡೆಯ ಗಡಿಯಾರ ನೋಡಿದೆ, ನನ್ನ ಚಪ್ಪಲಿ ನೋಡಿದೆ. ನನ್ನಿಂದಾಗಿ ಈ ಹುಡುಗಿ ತಮ್ಮನ ಪಕ್ಕ ಹೋಗಿ ಕೂರುತ್ತಾಳಲ್ಲ ಎನಿಸಿತು. ಇಷ್ಟು ನಾಚಿಕೆ ನನಗೆ ಮಗನ ಕ್ಯಾಲ್ಕುಲೇಟರಿನ ಮುಂದೆಯೂ ಆಗಿರಲಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಭೀಮವ್ವ ಮುಂದೆ ಬಂದು ಚೊಕ್ಕ ಮರಾಠಿಯಲ್ಲಿ ಹೇಳಿದಳು. ಅದು ಕನ್ನಡದಲ್ಲಿ ಹೀಗಾಗುತ್ತದೆ: "ತಪ್ಪು ನಂದ್ರಿ ಬಾಯಾರ. ಐವತ್ತೊಂದು ಅನ್ನಬೇಕಿತ್ತು. ಕಾಕಾಗ ಇನ್ನೂ ಮರಾಠಿ ಅಂಕಿ ಬರಂಗಿಲ್ಲ, ಕೇಳಾಕ ನಾಚತಾರ. ಸ್ವಲ್ಪ ದಿನ ಕೊಡ್ರಿ, ನಾ ಕಲಸ್ತೀನಿ."

ಅಂದರೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಗ ಅವಳು ಕಣ್ಣು ತೆರೆದೇ ನನ್ನನ್ನು ನೋಡುತ್ತಿದ್ದಳು.

ಮುಖ್ಯಾಧ್ಯಾಪಿಕೆ ವಹಿ ಮುಚ್ಚಿ ತೀರ್ಪು ಕೊಟ್ಟರು. ಹುಡುಗಿ ನಾಲ್ಕನೇದರಲ್ಲೇ ಇರಲಿ, ಅವಳ ಪರೀಕ್ಷೆ ಮುಗಿಯಿತು. ಒಂದು ತಿಂಗಳ ಗಡುವು ಇನ್ನು ನಿಮ್ಮದು.